ಬೇಸಿಗೆಯ ಬಾಣಂತನ

ಹೆರುವುದಾದರೆ ಚಳಿಗಾಲದಲ್ಲಿ ಹೆರಬೇಕು. ಈ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನೂ ನನ್ನ ಗಂಡನೂ ಸ್ವಲ್ಪ ಯೋಚನೆ ಮಾಡುತ್ತಿದ್ದೆವು. ನನಗೆ ಮಗಳು ಹುಟ್ಟಿದ್ದು ಯುಗಾದಿ ಕಳೆದ ಮೇಲೆ, ನಮ್ಮ ಕಡೂರು ಸೀಮೆಯಲ್ಲಿ ಬೆಳಗಿನ ತಿಂಡಿ ಮುಗಿಯುವಷ್ಟರಲ್ಲೇ ಬಿಸಿಲು ನೆತ್ತಿ ಸುಡುವ ಕಾಲದಲ್ಲಿ. ಆಸ್ಪತ್ರೆಯಿಂದ ಬಿಟ್ಟ ದಿನವೇ ಅಮ್ಮ ನನ್ನನ್ನು ಅಜ್ಜಂಪುರದ ತವರುಮನೆಗೆ ಕರೆತಂದು, ಒಳಗಿನ ಕೋಣೆಯಲ್ಲಿ ಮಲಗಿಸಿ, ಕಿಟಕಿ ಮುಚ್ಚಿದಳು.

ಕಿವಿಗೆ ಹತ್ತಿ, ಅದರ ಮೇಲೆ ಉಣ್ಣೆಯ ಸ್ಕಾರ್ಫು, ಕಾಲಿಗೆ ಸಾಕ್ಸು. ಬಾಣಂತಿಗೆ ಗಾಳಿ ಸೋಕಿದರೆ ತಂಡಿಯಾಗುತ್ತದೆ, ತಾಯಿಯ ತಂಡಿ ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಎನ್ನುವುದು ಅಮ್ಮನ ನಂಬಿಕೆ. ಹಾಗಾಗಿ ಫ್ಯಾನು ತಲೆಯ ಮೇಲೆ ಸುಮ್ಮನೆ ತೂಗಿಕೊಂಡಿತ್ತು. ಕುಡಿಯಲು ನೀರು ಕೇಳಿದರೆ ಕಾಯಿಸಿ ಆರಿಸಿದ್ದು, ಅದೂ ಅರ್ಧ ಲೋಟ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿ ಅನ್ನದ ಮೇಲೆ ತುಪ್ಪ. ಉಂಡೆದ್ದರೆ ಬೆವರು ಬೆನ್ನಿನಿಂದ ಇಳಿದು ಸೊಂಟಕ್ಕೆ ಬಿಗಿದಿದ್ದ ಬಟ್ಟೆಯಲ್ಲಿ ನಿಲ್ಲುತ್ತಿತ್ತು. ಗೊಣಗಿದರೆ, ನಮ್ಮ ಕಾಲದಲ್ಲಿ ಇದೂ ಇರಲಿಲ್ಲ ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು.

ಹೊರಗೆ ಉಳಿದವರ ಬೇಸಿಗೆ ಚೆನ್ನಾಗಿಯೇ ನಡೆದಿತ್ತು. ಅಪ್ಪ ಸಂತೆಯಿಂದ ಕಲ್ಲಂಗಡಿ ತಂದು ಜಗಲಿಯಲ್ಲಿ ಕುಯ್ಯುತ್ತಿದ್ದರು. ಬೀಜ ಉಗಿಯುವ ಸದ್ದು ಕೋಣೆಗೆ ಕೇಳುತ್ತಿತ್ತು. ಮಾವಿನಹಣ್ಣಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು, ಹಣ್ಣು ಬರುತ್ತಿರಲಿಲ್ಲ. ಹೆತ್ತ ಅಪ್ಪನ ಮೇಲೆ ಒಂದು ಹೋಳು ಕಲ್ಲಂಗಡಿಗಾಗಿ ಅಷ್ಟು ಹೊಟ್ಟೆಕಿಚ್ಚು ಪಟ್ಟದ್ದು ನೆನೆದರೆ ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಸುಖವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಅಮ್ಮ ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ಕುದಿನೀರನ್ನು ಚೆಂಬು ಚೆಂಬಾಗಿ ಸೊಂಟಕ್ಕೆ ಎರಚುತ್ತಿದ್ದಳು. ಮೊದಲ ಚೆಂಬಿಗೆ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಮೂಳೆಯೊಳಗಿನ ನೋವೆಲ್ಲ ಕರಗಿ, ಸಾಂಬ್ರಾಣಿ ಹೊಗೆಯಲ್ಲಿ ಎಂಥಾ ನಿದ್ದೆ ಬರುತ್ತಿತ್ತೆಂದರೆ, ಅಂಥ ನಿದ್ದೆಯನ್ನು ನಾನು ಮತ್ತೆ ಮಾಡಿಲ್ಲ. ಮಗುವಿನ ಬಟ್ಟೆ ಹಿತ್ತಲ ತಂತಿಗೆ ಹಾಕಿ ತಿರುಗುವಷ್ಟರಲ್ಲಿ ಒಣಗುತ್ತಿತ್ತು. ಬೇಸಿಗೆಯ ಬಾಣಂತಿಗೆ ಅದೊಂದೇ ಪುಣ್ಯ ಎಂದು ಅಮ್ಮ ಬಿಸಿಲನ್ನು ಹೊಗಳುತ್ತಿದ್ದಳು.

ಒಂದು ಮಧ್ಯಾಹ್ನ ತಡೆಯಲಾರದೆ ಫ್ಯಾನು ಹಾಕಿಕೊಂಡೆ. ಹಿತ್ತಲಿನಿಂದ ಬಂದ ಅಮ್ಮ ಅದನ್ನು ಆರಿಸಿ, ಬಾಯಿಗೆ ಬಂದಂತೆ ಬೈದಳು. ಮಾರನೆಯ ಬೆಳಿಗ್ಗೆ ಮಗುವಿನ ಮೈ ಸುಡುತ್ತಿತ್ತು.

ಅಮ್ಮನಿಗೆ ಇನ್ನೇನು ಸಾಕ್ಷಿ ಬೇಕು? ತಂಡಿ ಹೊಕ್ಕೇಬಿಟ್ಟಿತು ಎಂದು ಕುಲಾವಿ ಬಿಗಿದಳು. ಹಳೆಯ ಸೀರೆಯ ಬಟ್ಟೆ ಸುತ್ತಿದಳು, ಅದರ ಮೇಲೆ ಟವೆಲು, ಅದರ ಮೇಲೆ ಉಣ್ಣೆಯ ಶಾಲು. ನಾನು ಎದುರಾಡಲಿಲ್ಲ. ನನ್ನಿಂದಲೇ ಆಯಿತೇನೋ ಎಂಬ ಭಯ ನನ್ನ ಬಾಯಿ ಕಟ್ಟಿತ್ತು. ಮಗು ಮೊಲೆಗೆ ಬಾಯಿ ಹಾಕಲಿಲ್ಲ. ಸ್ವಲ್ಪ ಹೊತ್ತು ಕೊಸರಾಡಿ ಅತ್ತಿತು, ಆಮೇಲೆ ಅಳುವುದನ್ನೂ ಬಿಟ್ಟಿತು. ಅಳು ನಿಂತಾಗ ನಾನು ಅಪ್ಪನನ್ನು ಕೂಗಿದೆ. ಬಾಣಂತಿ ಕೋಣೆಗೆ ಕಾಲಿಡದ ಅಪ್ಪ ಹೊಸ್ತಿಲಲ್ಲಿ ನಿಂತು ಇಣುಕಿದವರೇ, ಚಪ್ಪಲಿ ಮೆಟ್ಟಿಕೊಂಡು ಆಟೋ ತರಲು ಓಡಿದರು.

ತರೀಕೆರೆಯ ಮಕ್ಕಳ ಡಾಕ್ಟರ ಹತ್ತಿರ ಹೋಗುವ ದಾರಿಯುದ್ದಕ್ಕೂ ಬೆಂಕಿಯ ಗಾಳಿ. ಅಮ್ಮ ಆಟೋದ ಒಂದು ಪಕ್ಕಕ್ಕೆ ತನ್ನ ಸೆರಗನ್ನೇ ಅಡ್ಡ ಹಿಡಿದು ಕೂತಿದ್ದಳು. ಅವಳ ಕುತ್ತಿಗೆಯಿಂದ ಬೆವರು ಸುರಿಯುತ್ತಿತ್ತು. ಒಂದು ಕೈ ಸೋತರೆ ಇನ್ನೊಂದು ಕೈಗೆ ಸೆರಗು ಬದಲಾಯಿಸುತ್ತಿದ್ದಳು. ತುಟಿ ಅಲುಗುತ್ತಿತ್ತು, ಮನೆದೇವರಿಗೆ ಹರಕೆ ಹೊರುತ್ತಿದ್ದಿರಬೇಕು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮಗುವನ್ನು ಮೇಜಿನ ಮೇಲೆ ಮಲಗಿಸಿಕೊಂಡು ಶಾಲು ತೆಗೆದರು, ಟವೆಲು ತೆಗೆದರು, ಸೀರೆಯ ಬಟ್ಟೆ ಬಿಚ್ಚಿದರು, ಕುಲಾವಿ ಕಳಚಿದರು. ಒಳಗೆ ನನ್ನ ಮಗಳು ಕೆಂಪಗೆ ಬೆಂದುಹೋಗಿದ್ದಳು, ಮೈತುಂಬ ಬೆವರುಸಾಲೆ. ರಕ್ತ ಪರೀಕ್ಷೆಗೆ ಕಳಿಸಿ, ಫ್ಯಾನಿನ ಕೆಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸಂಜೆಯವರೆಗೂ ಅಲ್ಲೇ ಇರಿಸಿಕೊಂಡರು. ಇಳಿಹೊತ್ತಿಗೆ ಮೈ ತಣ್ಣಗಾಯಿತು. ಮಗು ಕಣ್ಣು ಬಿಟ್ಟು, ಹುಡುಕಿ ಹುಡುಕಿ ಮೊಲೆ ಹಿಡಿಯಿತು. ನಾನು ಗೊಳೋ ಎಂದು ಅತ್ತೆ.

ಪರೀಕ್ಷೆಯಲ್ಲಿ ಬೇರೇನೂ ಕಾಣಲಿಲ್ಲ. "ತಂಡಿ ಅಲ್ಲ ಕಣಮ್ಮ, ಸೆಕೆ," ಅಂದರು ಡಾಕ್ಟರು. ಮಗುವಿಗೆ ಒಂದೇ ತೆಳು ಬಟ್ಟೆ ಸಾಕು, ನೀವು ನೀರು ಚೆನ್ನಾಗಿ ಕುಡಿಯಿರಿ ಎಂದರು. ಎಲ್ಲವನ್ನೂ ನನಗೇ ಹೇಳಿದರು, ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮ ಮೂಲೆಯಲ್ಲಿ ನಿಂತು ಬಿಚ್ಚಿದ ಬಟ್ಟೆಗಳನ್ನು ಮಡಚುತ್ತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

ಮನೆಗೆ ಬಂದ ಮೇಲೆ ಕಿಟಕಿ ತೆರೆದವಳೂ ಅವಳೇ, ಫ್ಯಾನು ಹಾಕಿದವಳೂ ಅವಳೇ. ದೊಡ್ಡ ಚೆಂಬಿನಲ್ಲಿ ನೀರು ತಂದಿಟ್ಟು ಹೋದಳು. ಇಷ್ಟು ದಿನ ಬಾಯಿಬಿಟ್ಟು ಬೇಡಿದ್ದೆಲ್ಲ ಒಂದೇ ಸಲ ಕೈಗೆ ಬಂದಿತ್ತು. ಖುಷಿಯಾಗಬೇಕಿತ್ತು. ಸುಸ್ತಾಗಿತ್ತು, ಅಷ್ಟೇ. ಇದಕ್ಕಿಂತ ಅವಳು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುದಿನ ಬೆಳಿಗ್ಗೆ ಮಗುವಿನ ಸ್ನಾನದ ಹೊತ್ತು ಮೀರಿದರೂ ಬಚ್ಚಲಲ್ಲಿ ಸದ್ದಿರಲಿಲ್ಲ. ನಮ್ಮ ಬೀದಿಯ ಅರ್ಧ ಮಕ್ಕಳು ಅಮ್ಮನ ಕಾಲ ಮೇಲೆ ಮಲಗಿ ಎರೆಸಿಕೊಂಡವರು. ಅವಳು ಬಾಗಿಲಿಗೆ ಬಂದು, ಒಳಗೆ ಬರದೆ ನಿಂತಳು.

"ಮಗೂಗೆ ನೀರು ನಾನು ಹಾಕ್ಲಾ, ನೀನೇ ಹಾಕ್ಕೊತೀಯಾ?"

"ನಂಗೆಲ್ಲಿ ಬರುತ್ತಮ್ಮ? ನೀನೇ ಹಾಕು."

ಬಚ್ಚಲ ಮಣೆಯ ಮೇಲೆ ಕಾಲು ಚಾಚಿ ಕೂತಳು. ಮಗುವನ್ನು ಮಲಗಿಸಿಕೊಂಡಳು. ಚೆಂಬಿನಲ್ಲಿ ನೀರು ತೆಗೆದು ಮೊಣಕೈಗೆ ಬಿಟ್ಟುಕೊಂಡಳು, ತಣ್ಣೀರು ಬೆರೆಸಿದಳು, ಮತ್ತೆ ಬಿಟ್ಟುಕೊಂಡಳು. ಎರೆಯಲಿಲ್ಲ. ಚೆಂಬನ್ನು ನನ್ನ ಕಡೆ ಚಾಚಿ, "ನೀನೊಂದ್ಸಲ ಮುಟ್ಟಿ ನೋಡೇ," ಅಂದಳು.

ಬೆರಳು ಅದ್ದಿದೆ. ನೀರು ಹದವಾಗಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಸರಿಯಾಗಿದೆ ಅಂದೆ. ಅವಳು ನನ್ನ ಮಾತನ್ನು ನಂಬಿ ಎರೆದಳು.