ಅನ್ನವ್ವ ಹೊಲಿದ ಒಂಬತ್ತನೇ ಅಂಗಿ

ಮಾಸೂರಿನ ಮದಗದ ಕೆರೆಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೊಂಟಮಟ್ಟ ನೀರಿನಲ್ಲಿ ನಿಂತ ಅನ್ನವ್ವ ಬಿದಿರು ಗಳದಿಂದ ತಳವನ್ನು ಚುಚ್ಚಿ ಚುಚ್ಚಿ ನೋಡುತ್ತಿದ್ದಾರೆ. ಇಲ್ಲಿ ಕೆಸರು, ಅಲ್ಲಿ ಕಲ್ಲು, ಅದರಾಚೆ ಗುಂಡಿ. ಗಟ್ಟಿ ನೆಲ ಸಿಕ್ಕಲ್ಲಿ ಎರಡು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಇನ್ನೆರಡು ತಾಸಿನಲ್ಲಿ ಅವರ ಗಂಡ, ಬ್ಯಾಪ್ಟಿಸ್ಟ್ ಸಭೆಯ ಬೋಧಕ ಮಂಜಪ್ಪ, ಇದೇ ಜಾಗದಲ್ಲಿ ಎಂಟು ಮಂದಿಗೆ ದೀಕ್ಷಾಸ್ನಾನ ಕೊಡಬೇಕು. ಮಂಜಪ್ಪನವರು ಎಲ್ಲಿ? ದಂಡೆಯ ಮೇಲೆ ಎಮ್ಮೆ ಕಾಯುವವನ ಜೊತೆ ಮಾತಿಗೆ ನಿಂತು ಆಗಲೇ ಮುಕ್ಕಾಲು ತಾಸಾಗಿದೆ!

“ಎಮ್ಮಿಗೂ ಒಂದು ಪ್ರಸಂಗ ಹೇಳಿ ಮುಗಿಸ್ಲಿ ಬಿಡ್ರಿ,” ಎಂದು ಅನ್ನವ್ವ ಗಳವನ್ನು ದಡಕ್ಕೆ ಎಸೆಯುತ್ತಾರೆ. “ಇಪ್ಪತ್ತೆರಡು ವರ್ಷದಿಂದ ನೀರಿನ ಆಳ ನೋಡಾಕಿ ನಾನು. ಅವರು ಬಂದು ನಿಂದ್ರೋದು ಅಷ್ಟ.”

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಮಂಜಪ್ಪ ಪಾಸ್ಟರ್ ಎಂದರೆ ಗೊತ್ತಿಲ್ಲದವರು ಕಡಿಮೆ. ಹುಲಗೂರಿನಲ್ಲಿ ಬಸ್ಸಿಳಿದರೆ ಚಹಾದಂಗಡಿಯವನು ಕುರ್ಚಿ ಹಾಕುತ್ತಾನೆ. ಹತ್ತಿಮತ್ತೂರಿನಲ್ಲಿ ಗಂಡ-ಹೆಂಡಿರ ಜಗಳ ಬಿಡಿಸಲಿಕ್ಕೂ ಅವರೇ ಬೇಕು. ಕಂಠ ಅಂಥದ್ದು, ಕತೆ ಹೇಳುವ ಹದ ಅಂಥದ್ದು. ಅರ್ಧ ತಾಸಿನ ಬೋಧನೆ ಎಂದು ಶುರುವಾದ ಪ್ರಸಂಗ ಎರಡು ತಾಸಿಗೆ ಮುಟ್ಟಿದರೂ ಜನ ಏಳುವುದಿಲ್ಲ. ಏಳುವವರು ಅನ್ನವ್ವ ಒಬ್ಬರೇ. ಬಂದವರಿಗೆಲ್ಲ ಇಟ್ಟ ಅನ್ನ ಒಲೆಯ ಮೇಲೆ ಸೀಯುತ್ತದಲ್ಲ, ಅದನ್ನು ಯಾರು ನೋಡಬೇಕು?

ದೀಕ್ಷಾಸ್ನಾನಕ್ಕೆ ಬಿಳಿ ನಿಲುವಂಗಿ ಬೇಕು. ಹೊಲಿಯುವವರೂ ಅನ್ನವ್ವನೇ. ಮೊದಲ ವರ್ಷ ಒಬ್ಬ ಹೆಣ್ಣುಮಗಳು ನೀರಿಗಿಳಿದಾಗ ಅಂಗಿ ಉಬ್ಬಿ ಮೇಲಕ್ಕೆ ತೇಲಿತು. ಪಾಪ, ಆಕೆ ನಾಚಿ ಅತ್ತೇಬಿಟ್ಟಳು. ಮರುದಿನವೇ ಅನ್ನವ್ವ ಸೈಕಲ್ ಅಂಗಡಿಯಿಂದ ಕಬ್ಬಿಣದ ವಾಷರ್ ತಂದು ಅಂಗಿಯ ಕೆಳ ಅಂಚಿನೊಳಗಿಟ್ಟು ಹೊಲಿದರು. ಒಂದಂಗಿಗೆ ಆರು ವಾಷರ್. ಅಂದಿನಿಂದ ಒಂದೂ ತೇಲಿಲ್ಲ. ಈವರೆಗೆ ಹೊಲಿದದ್ದು ನಾನೂರ ಹನ್ನೆರಡು ಅಂಗಿ, ಮನೆಯಲ್ಲಿ ಉಳಿದದ್ದು ಒಂದೂ ಇಲ್ಲ. ಮುಳುಗಿ ಎದ್ದವರು “ಇದನ್ನ ನಾ ಸತ್ತಾಗ ಹಾಕಸ್ಕೋತೇನಿ, ಇಟ್ಕೊಳ್ಲೇನ್ರಿ?” ಎನ್ನುತ್ತಾರೆ. ಮಂಜಪ್ಪನವರು “ಒಯ್ರಿ, ಒಯ್ರಿ” ಎನ್ನುತ್ತಾರೆ.

“ಒಯ್ರಿ ಅನ್ನೋ ಬಾಯಿಗೆ ಸೂಜಿ ಚುಚ್ಚಂಗಿಲ್ಲ ನೋಡ್ರಿ. ಚುಚ್ಚೋದು ನನ್ನ ಬೆರಳಿಗೆ,” ಎನ್ನುತ್ತಾರೆ ಅನ್ನವ್ವ.

ಕಳೆದ ತಿಂಗಳು ಸವಣೂರಿನಲ್ಲಿ ಬಟ್ಟೆ ವ್ಯಾಪಾರಿ ಮಕ್ತುಮಸಾಬ ಎಂದಿನಂತೆ ಬಿಳಿ ಬಟ್ಟೆ ಅಳೆಯುತ್ತ ಸುಮ್ಮನೆ ಒಂದು ಮಾತು ಕೇಳಿದರು: “ಅಕ್ಕಾರ, ಇಷ್ಟು ಮಂದಿಗೆ ಹೊಲದ್ರಿ. ನಿಮ್ಮ ಅಂಗಿ ಹೊಲಕೊಂಡದ್ದು ಯಾವಾಗರಿ?” ಅನ್ನವ್ವ ದುಡ್ಡು ಕೊಟ್ಟು, ಚಿಲ್ಲರೆಗೂ ಕಾಯದೆ ಹೊರಟುಬಂದರು. ಏಕೆಂದರೆ ಊರಿಗೆಲ್ಲ ದೀಕ್ಷಾಸ್ನಾನ ಕೊಡುವ ಬೋಧಕರ ಹೆಂಡತಿಗೆ ದೀಕ್ಷಾಸ್ನಾನ ಆಗಿಯೇ ಇಲ್ಲ.

ಹಾನಗಲ್ಲಿನ ಅವರ ತವರಿನ ಚರ್ಚಿನಲ್ಲಿ ಕೂಸಿನ ನೆತ್ತಿಗೆ ಮೂರು ಹನಿ ನೀರು ಹಾಕಿದರೆ ಮುಗಿಯಿತು. ಬ್ಯಾಪ್ಟಿಸ್ಟರಲ್ಲಿ ಅದು ನಡೆಯುವುದಿಲ್ಲ. ಬುದ್ಧಿ ಬಂದ ಮೇಲೆ ತಾವಾಗಿ ಕೇಳಬೇಕು, ಪೂರ್ತಿ ಮುಳುಗಬೇಕು. ಮದುವೆಯ ಹೊತ್ತಿಗೆ ಸಭೆಯ ಆಗಿನ ಹಿರಿಯ ಬೋಧಕರು ಕೊಟ್ಟಿರಬೇಕು ಎಂದು ಮಂಜಪ್ಪ ತಿಳಿದರು. ಮಂಜಪ್ಪನೇ ಕೊಡುತ್ತಾನೆ ಎಂದು ಹಿರಿಯ ಬೋಧಕರು ತಿಳಿದರು, ತಿಳಿದುಕೊಂಡೇ ತೀರಿಯೂ ಹೋದರು. ಎಂಥ ಮಂದಿಯಪ್ಪ!

“ನಾವಾಗಿ ಯಾರನ್ನೂ ಕೇಳಬಾರ್ದು, ಅವರಾಗೇ ಬರಬೇಕು ಅಂತ ಪ್ರತಿ ಪ್ರಸಂಗದಾಗ ಹೇಳ್ತಾರ. ಹೆಂಡ್ತಿನ್ನರ ಒಂದ್ಸಲ ಕೇಳಬಾರ್ದನ್ರಿ? ನನಗೂ ಹಟ, ಕೇಳ್ಲಿ ಅಂತ ಕುಂತೆ. ಆಮ್ಯಾಲ ಹೇಳಾಕ ಅಂಜಿಕಿ ಆತು. ಪಾಸ್ಟರ್ ಹೆಂಡ್ತಿಗೇ ಆಗಿಲ್ಲಂತ ಅಂದ್ರ ಮಂದಿ ಅವರ ಮಾರಿ ಮ್ಯಾಲ ನಗೂದಿಲ್ಲೇನು? ನಾನೂರು ಮಂದಿ ಮುಳುಗಿ ಎದ್ದು ಬಂದ್ರು, ನಾ ಟವೆಲ್ ಹಿಡಕೊಂಡು ನಿಂತೇನಿ. ಹೊಟ್ಟಿ ಉರೀತೈತ್ರಿ.”

ಈ ಸಲದ ಪಟ್ಟಿಯಲ್ಲಿ ಹೆಸರು ಎಂಟು. ಅನ್ನವ್ವ ಹೊಲಿದು ತಂದ ಅಂಗಿ ಒಂಬತ್ತು. ಒಂಬತ್ತನೆಯದು ಅವರದೇ ಅಳತೆಯದು. ಯಾರಿಗೂ ಹೇಳಿಲ್ಲ.

ಎಂಟು ಗಂಟೆಗೆ ಪ್ರಸಂಗ ಶುರುವಾಗುತ್ತದೆ. ಇಪ್ಪತ್ತೇ ನಿಮಿಷ ಎಂದು ಮಂಜಪ್ಪನವರು ಮಾತು ಕೊಟ್ಟಿದ್ದಾರೆ. ಒಂಬತ್ತೂವರೆಗೆ ಇನ್ನೂ ನಡೆದೇ ಇದೆ. ಬಿಸಿಲು ನೆತ್ತಿ ಸುಡುತ್ತಿದೆ, ಅಂಗಿ ತೊಟ್ಟ ಎಂಟೂ ಮಂದಿ ಕಾಲು ಬದಲಿಸಿ ಬದಲಿಸಿ ನಿಂತಿದ್ದಾರೆ. ಕಡೆಗೂ ಒಬ್ಬೊಬ್ಬರಾಗಿ ನೀರಿಗಿಳಿದು ಮುಳುಗಿ ಏಳುತ್ತಾರೆ. ಅನ್ನವ್ವ ಎಂಟನೆಯವರಿಗೆ ಟವೆಲ್ ಹೊದಿಸಿ, ದಂಡೆಯಲ್ಲಿ ಕಟ್ಟಿದ ಸೀರೆಯ ಮರೆಗೆ ಹೋಗಿ ಬಟ್ಟೆ ಬದಲಿಸುತ್ತಾರೆ. ನೀರಿನಲ್ಲೇ ನಿಂತು ಮುಕ್ತಾಯದ ಪ್ರಾರ್ಥನೆ ಮುಗಿಸಿದ ಮಂಜಪ್ಪನವರು ಕಣ್ಣು ಬಿಟ್ಟರೆ, ಎದುರಿಗೆ ಬಿಳಿ ಅಂಗಿಯ ಹೆಂಡತಿ.

“ಏನ ಬಿತ್ತ ನೀರಾಗ? ಏನು ಹುಡಕಾಕ ಇಳದಿ?” ಎನ್ನುತ್ತಾರೆ.

“ಏನೂ ಬಿದ್ದಿಲ್ಲ. ನನಗ ದೀಕ್ಷಾಸ್ನಾನ ಆಗಿಲ್ಲ. ಕೊಡ್ರಿ.”

ದಂಡೆಯ ಮೇಲಿನ ನೂರು ಮಂದಿ ಕತ್ತು ಮುಂದಕ್ಕೆ ಚಾಚುತ್ತಾರೆ. ನಾಲ್ಕು ತಾಲ್ಲೂಕು ಗೆದ್ದ ಬಾಯಿ ತೊದಲುತ್ತದೆ. “ನಾ ತಿಳದಿದ್ದೆ...” ಎಂದು ಶುರುಮಾಡಿ, ಜನರ ಕಡೆ ತಿರುಗಿ, “ಪ್ರಿಯರೇ, ಇದು ನನ್ನ ತಪ್ಪು, ಕೇಳ್ರಿ, ಒಬ್ಬ ಮನುಷ್ಯ...” ಎಂದು ಅವರು ದನಿ ಎತ್ತುತ್ತಾರೆ.

“ಮತ್ತ ಪ್ರಸಂಗ ಬ್ಯಾಡ್ರಿ!” ಅನ್ನವ್ವ ಗದರುತ್ತಾರೆ. “ಕಾಲು ಸೆಟದು ನಿಂತಾವು.”

ಮಂಜಪ್ಪನವರು ಹೆಂಡತಿಯ ಕಡೆ ತಿರುಗುತ್ತಾರೆ. ಒಂದು ಕೈ ಹೆಂಡತಿಯ ಬೆನ್ನಿಗೆ ಕೊಟ್ಟು, ಎಲ್ಲರನ್ನೂ ಕೇಳುವಂತೆಯೇ ಕೇಳುತ್ತಾರೆ: “ಅನ್ನವ್ವಾರ, ನೀವು ಯೇಸುವನ್ನ ನಂಬೀರೇನು?” ಮದುವೆಯಾದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಹೆಂಡತಿಗೆ ‘ನೀವು’ ಎಂದದ್ದು ಇದೇ ಮೊದಲು. ಅನ್ನವ್ವನ “ನಂಬೇನಿ” ಎಂಬುದು ಹತ್ತಿರದವರಿಗಷ್ಟೇ ಕೇಳುತ್ತದೆ. ಮುಳುಗಿ ಏಳುವಾಗ ಅವರು ಅಳುತ್ತಿದ್ದಾರೆ, ಮಂಜಪ್ಪನವರೂ ಅಳುತ್ತಿದ್ದಾರೆ.

ದಂಡೆಯಲ್ಲಿ ಸಭೆಯ ಕಾರ್ಯದರ್ಶಿ ಗಿರಿಯಪ್ಪ ಪುಸ್ತಕ ತೆರೆದು, ಎಂಟು ಹೆಸರುಗಳ ಕೆಳಗೆ ಒಂಬತ್ತನೆಯದಾಗಿ ‘ಪಾಸ್ಟರಮ್ಮ’ ಎಂದು ಬರೆಯುತ್ತಾರೆ. ಕೂದಲಿನಿಂದ ನೀರು ಸುರಿಸುತ್ತ ಬಂದ ಅನ್ನವ್ವ ಬಗ್ಗಿ ನೋಡುತ್ತಾರೆ.

“ಅದನ್ನ ಹೊಡದಾಕ್ರಿ ಗಿರಿಯಪ್ಪಾರ. ಪಾಸ್ಟರಮ್ಮ ಇಷ್ಟು ವರ್ಷ ದಂಡಿ ಮ್ಯಾಲ ನಿಂತಿದ್ಲು. ನೀರಾಗ ಇಳದಾಕಿ ಅನ್ನವ್ವ.”