ಹುಣಸೆಮರದ ಕಡೆಯ ಬಾಗಿಲು

ಮತ್ತೋಡಿನ ಕಡೆಯ ಕುರಿಗಾರರ ಹಟ್ಟಿಯಲ್ಲಿ ಎತ್ತಪ್ಪನಿಗೆ ಒಂದು ಕಾಲಕ್ಕೆ ‘ಆಸ್ಪತ್ರೆ ಎತ್ತಪ್ಪ’ ಎಂದೇ ಹೆಸರು. ಅವನೇನು ಅಲ್ಲಿ ಕೆಲಸಕ್ಕಿರಲಿಲ್ಲ. ಯಾರಿಗೆ ಜ್ವರ ತಲೆಗೇರಿದರೂ, ಯಾರ ಕಾಲಿಗೆ ಹಾವು ಮುಟ್ಟಿದರೂ, ಅವರನ್ನು ಬಸ್ಸಿಗೆ ಹತ್ತಿಸಿಕೊಂಡು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಒಯ್ಯುವವನು ಅವನು. ಚೀಟಿ ಎಲ್ಲಿ ಕೊಡುತ್ತಾರೆ, ಡಾಕ್ಟರು ಯಾವಾಗ ಬರುತ್ತಾರೆ, ಮೂರು ಕಲ್ಲಿಟ್ಟು ಮುದ್ದೆ ಬೇಯಿಸಲು ಯಾವ ಮರದ ಬುಡ ವಾಸಿ, ಎಲ್ಲ ಗೊತ್ತು. ರೋಗಿಗಿಂತ ಮುಂದೆ ಅವನು ಹೆಜ್ಜೆ ಹಾಕುತ್ತಿದ್ದ ಠೀವಿ ನೋಡಿದರೆ, ಆಸ್ಪತ್ರೆಗೆ ಹೆಣ್ಣು ಕೊಟ್ಟ ಮಾವ ಬಂದ ಹಾಗಿರುತ್ತಿತ್ತು.

ಅವನು ಕಂಡ ಆಸ್ಪತ್ರೆ ಹೆಂಚಿನದು. ಗಂಡಸರ ವಾರ್ಡು, ಹೆಂಗಸರ ವಾರ್ಡು, ನಡುವೆ ಉದ್ದನೆಯ ಓಣಿ. ಓಣಿಯ ಕೊನೆಗೆ ಎಡಕ್ಕೆ ಹೊರಳಿದರೆ ಒಂದು ಹುಣಸೆಮರ, ಅದರ ಕೆಳಗೆ ತಗಡಿನ ಬಾಗಿಲಿನ ಕೋಣೆ. ಹೆಣ ಇಡುತ್ತಿದ್ದದ್ದು ಅಲ್ಲಿ. ಎತ್ತಪ್ಪನ ಅಪ್ಪನನ್ನು ಆ ಓಣಿಯಲ್ಲಿ ತಳ್ಳಿಕೊಂಡು ಹೋದಾಗ, ಅಪ್ಪ ಇನ್ನೂ ಬದುಕಿದ್ದಾನೆ ಎಂದುಕೊಂಡೇ ಇವನು ಕಂಬಳಿ ಹಿಡಿದು ಹಿಂದೆ ನಡೆದಿದ್ದ. ತಗಡಿನ ಬಾಗಿಲು ಮುಚ್ಚಿಕೊಂಡ ಮೇಲೇ ತಿಳಿದದ್ದು.

ಹಟ್ಟಿಯಲ್ಲೊಂದು ಕಟ್ಟಳೆಯಿತ್ತು: ಕುರಿ ಸತ್ತು ಬಿದ್ದ ದಾರಿಯಲ್ಲಿ ಮತ್ತೆ ಮಂದೆ ಹೊಡೆಯಬಾರದು. ಎಷ್ಟೇ ಬಳಸಾದರೂ ಬೇರೆ ದಾರಿ ಹಿಡಿಯಬೇಕು. ಎತ್ತಪ್ಪ ಆ ಕಟ್ಟಳೆಯನ್ನು ಆಸ್ಪತ್ರೆಗೂ ತಂದ. ಅವನು ಕರೆತಂದ ಯಾವ ರೋಗಿಯೂ ಹುಣಸೆಮರದ ಕಡೆ ತಲೆಯಿಟ್ಟು ಮಲಗಲಿಲ್ಲ, ಎಲೆ ಅಡಿಕೆ ಉಗುಳುವುದಕ್ಕೂ ಆ ಕಡೆ ಹೋಗಲಿಲ್ಲ. ಬಹಳ ಮಂದಿ ಬದುಕಿ ಬಂದರು. ಇದರಲ್ಲಿ ಡಾಕ್ಟರ ಪಾಲೆಷ್ಟು, ತನ್ನ ಸುತ್ತುದಾರಿಯ ಪಾಲೆಷ್ಟು ಎಂಬ ಮಾತು ಬಂದಾಗ ಎತ್ತಪ್ಪ ಡಾಕ್ಟರಿಗೂ ಸ್ವಲ್ಪ ಬಿಟ್ಟುಕೊಡುತ್ತಿದ್ದ.

ಆಮೇಲೆ ಹೆಂಚು ಹೋಗಿ ತಾರಸಿ ಬಂತು. ಪಕ್ಕದಲ್ಲಿ ಹೆರಿಗೆಗೆಂದೇ ಒಂದು ಕಟ್ಟಡ ಎದ್ದಿತು, ಅದರ ಹಿಂದೆ ಮಹಡಿಯ ಮೇಲೆ ಮಹಡಿ, ಡಯಾಲಿಸಿಸ್ಸು, ಸ್ಕ್ಯಾನಿಂಗು, ಲಿಫ್ಟು. ಹಟ್ಟಿಯ ಬಾಗಿಲಿಗೇ ಆಂಬುಲೆನ್ಸ್ ಬರತೊಡಗಿ ಎತ್ತಪ್ಪನನ್ನು ಕೇಳುವವರು ಇಲ್ಲವಾದರು. ಇರುವ ಒಂದೇ ವಿದ್ಯೆ ಹಳತಾದರೆ ನಾವೆಲ್ಲ ಏನು ಮಾಡುತ್ತೇವೋ ಅವನೂ ಅದನ್ನೇ ಮಾಡಿದ. ಹಳತಾಗಿದೆ ಎಂದು ಒಪ್ಪಲಿಲ್ಲ.

ಈ ಸಲದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವನ ಹೆಂಡತಿ ಹುಚ್ಚಕ್ಕ ಹೊಟ್ಟೆ ಹಿಡಿದುಕೊಂಡು ಕುರಿರೊಪ್ಪದಲ್ಲೇ ಕುಸಿದಳು. ಹೊಸದುರ್ಗದ ಡಾಕ್ಟರು ನೋಡಿದವರೇ ಚಿತ್ರದುರ್ಗಕ್ಕೆ ಕಳಿಸಿದರು. ಆಂಬುಲೆನ್ಸ್ ಹೊಳಲ್ಕೆರೆ ದಾಟುವಷ್ಟರಲ್ಲಿ ಅವಳ ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಸೊಸೆ ಮೀನಾಕ್ಷಿ ಅತ್ತೆಯ ಕೈ ಬಿಟ್ಟಿರಲಿಲ್ಲ.

“ನೀನೇನು ಹೆದ್ರಬ್ಯಾಡ,” ಎಂದ ಎತ್ತಪ್ಪ ಹೆಂಡತಿಗೆ. “ಅಲ್ಲಿ ನಂಗೆ ಗೊತ್ತಿಲ್ದಿರೋ ಮೂಲೆ ಇಲ್ಲ.”

ಇಳಿದ ಮೇಲೆ ಅವನಿಗೆ ಗೇಟು ಯಾವುದೆಂದೇ ತಿಳಿಯಲಿಲ್ಲ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. “ಕರುಳು ತಿರುಚಿಕೊಂಡಿರೋ ಹಾಗಿದೆ. ಮೊದಲು ಸ್ಕ್ಯಾನ್, ಆಮೇಲೆ ತಕ್ಷಣ ಆಪರೇಷನ್. ತಡ ಆದರೆ ಕಷ್ಟ.” ನೋವಿಗೆಂದು ಒಂದು ಇಂಜೆಕ್ಷನ್ ಕೊಟ್ಟರು. ಮೀನಾಕ್ಷಿ ರಕ್ತ ಹೊಂದಿಸಲು ಓಡಿದಳು. ವಾರ್ಡಿನ ನೌಕರ ಕೊಟ್ರೇಶ್ ಸ್ಟ್ರೆಚರ್ ತಳ್ಳಿಕೊಂಡು ಹೊರಟ.

“ಬರ್ರಿ ಯಜಮಾನ್ರೇ, ಬಿರ್ರನೆ ಹೋಗಾಣ.”

ಗೋಡೆ, ನೆಲ ಎಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಉದ್ದಕ್ಕೆ ಹೋಗಿ ಎಡಕ್ಕೆ ಹೊರಳಿದರು. ಕಿಟಕಿಯಾಚೆ ಹುಣಸೆಮರ ನಿಂತಿತ್ತು. ಎತ್ತಪ್ಪ ಹೆಂಡತಿಯ ಮುಖ ನೋಡಿದ. ಕಣ್ಣು ಮುಚ್ಚಿದ್ದವು. ನರಳಾಟವೂ ನಿಂತಿತ್ತು. 

“ಎಲ್ಲಿಗೆ ಒಯ್ತಿದಿಯಪ್ಪ?”

“ಸ್ಕ್ಯಾನಿಂಗ್‌ಗೆ.”

“ಈ ಕಡೆ ಇರೋದು ಅದಲ್ಲ. ನಂಗೊತ್ತೈತೆ.”

“ನೀವು ನೋಡಿದ್ದು ನಮ್ಮಪ್ಪನ ಕಾಲ್ದಾಗಿರ್ಬೇಕು,” ಎಂದು ಕೊಟ್ರೇಶ್ ನಕ್ಕ. “ಇಲ್ಲೇ ನಿಂತಿರ್ರಿ, ಬಾಗ್ಲು ತೆಗೆಸ್ತೀನಿ.”

ಅವನು ಬೆನ್ನು ತಿರುಗಿಸಿದ್ದೇ ತಡ, ಎತ್ತಪ್ಪ ಸ್ಟ್ರೆಚರನ್ನು ಹಿಂದಕ್ಕೆ ಹೊರಳಿಸಿ ದಬ್ಬಿಕೊಂಡು ಓಡಿದ. ಲಿಫ್ಟೊಂದು ಬಾಯ್ದೆರೆದಿತ್ತು. ಒಳಗೆ ನುಗ್ಗಿ, ಕೈಗೆ ಸಿಕ್ಕ ಗುಂಡಿ ಒತ್ತಿದ.

ಬಾಗಿಲು ತೆರೆದದ್ದು ಇನ್ನೂ ಉದ್ಘಾಟನೆಯಾಗದ ವಾರ್ಡಿಗೆ. ಸಾಲು ಮಂಚಗಳು ಪ್ಲಾಸ್ಟಿಕ್ ಹೊದ್ದು ಮಲಗಿದ್ದವು. ಬಣ್ಣದ ವಾಸನೆ. ನರಪಿಳ್ಳೆಯಿಲ್ಲ. ಲಿಫ್ಟು ತನ್ನಷ್ಟಕ್ಕೆ ತಾನು ಕೆಳಗಿಳಿದು ಹೋಯಿತು. ಮೆಟ್ಟಿಲಿನ ಬಾಗಿಲಿಗೆ ಬೀಗ. ಎತ್ತಪ್ಪ ಕೂಗಿದ. ಅವನ ದನಿಯೇ ಖಾಲಿ ಮಂಚಗಳನ್ನೆಲ್ಲ ಸುತ್ತಿ ಅವನ ಹತ್ತಿರ ವಾಪಸು ಬಂತು.

ಹುಚ್ಚಕ್ಕ ಕಣ್ಣು ಬಿಟ್ಟಳು. ಹಣೆಯ ತುಂಬ ತಣ್ಣನೆಯ ಬೆವರು.

“ಎಲ್ಲಿದೀವಿ? ಜನಾನೇ ಇಲ್ವಲ್ಲ.”

“ಅಪ್ಪನ್ನ ಒಯ್ದ ಕಡೆ ಒಯ್ತಿದ್ರು ಕಣೇ ನಿನ್ನ. ತಪ್ಪಿಸ್ಕಂಡು ಬಂದೆ.”

ಅವಳು ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. “ನಿಮ್ಮಪ್ಪ ಸತ್ತಮ್ಯಾಲೆ ಹೋದ. ನನ್ನ ನೀನು ಇಲ್ಲೇ ಸಾಯಿಸ್ತಿಯ. ತಿರುಗ್ಸು.”

ಎತ್ತಪ್ಪ ಲಿಫ್ಟಿನ ಬಾಗಿಲನ್ನು ಎರಡೂ ಕೈಯಿಂದ ಬಡಿದ. ಅವಳ ತುಟಿ ಬೆಳ್ಳಗಾಗುತ್ತಿತ್ತು. ಕೊನೆಗೆ ಬಾಗಿಲು ಸರಿದಾಗ ಒಳಗೆ ಏದುಸಿರು ಬಿಡುತ್ತ ಕೊಟ್ರೇಶ್ ನಿಂತಿದ್ದ.

“ಕುರಿ ಕದ್ದೋರ್ನ ನೋಡಿದೀನಿ. ಪೇಷಂಟ್ ಕದ್ದೋರ್ನ ನೋಡಿದ್ದು ಇವತ್ತೇ,” ಎಂದವನೇ ಸ್ಟ್ರೆಚರ್ ಎಳೆದುಕೊಂಡ.

ಮತ್ತೆ ಅದೇ ಓಣಿ. ಈ ಸಲ ಎತ್ತಪ್ಪನೂ ಸ್ಟ್ರೆಚರಿನ ಕಂಬಿ ಹಿಡಿದು ತಳ್ಳಿದ. ಕಾಲು ಮುಂದೆ ಬರುತ್ತಿತ್ತು, ಜೀವ ಹಿಂದೆ ಜಗ್ಗುತ್ತಿತ್ತು. ತಗಡಿನ ಬಾಗಿಲಿದ್ದ ಜಾಗದಲ್ಲಿ ದಪ್ಪನೆಯ ಉಕ್ಕಿನ ಬಾಗಿಲು. ಹುಚ್ಚಕ್ಕ ಒಳಗೆ ಹೋದಳು. ಬಾಗಿಲು ಮುಚ್ಚಿ, ಅದರ ಮೇಲೆ ಕೆಂಪು ದೀಪ ಹತ್ತಿತು.

ಅವನು ಗೋಡೆಗೊರಗಿ ಬಾಗಿಲನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತ. ಒಳಗೆ ಯಂತ್ರ ಗುಂಯ್‌ಗುಟ್ಟಿ ಸುಮ್ಮನಾಯಿತು. ದೀಪ ಆರಿತು. ಬಾಗಿಲು ತೆರೆದಾಗ ಒಬ್ಬ ಮಂಚದ ಹಾಸು ಬದಲಿಸುತ್ತಿದ್ದ. ಮಂಚ ಖಾಲಿ. ಈ ಬಾಗಿಲಿಂದ ಅವಳು ಹೊರಗೆ ಬಂದಿರಲಿಲ್ಲ. ಎತ್ತಪ್ಪ ಗೋಡೆ ಹಿಡಿದು ಎದ್ದು ಬಾಗಿಲೊಳಗೆ ತಲೆ ಹಾಕಿದ. 

“ಮಾವ, ಇಲ್ಲಿದೀರಾ?” ಮೀನಾಕ್ಷಿ ಓಡಿ ಬಂದಳು. “ಅತ್ತೇನ ಆ ಕಡೆ ಬಾಗ್ಲಿಂದ ಆಗ್ಲೇ ಆಪರೇಷನ್‌ಗೆ ಒಯ್ದ್ರು.”

“ಆ ಕಡೇನೂ ಬಾಗ್ಲು ಐತಾ?” ಎಂದ ಎತ್ತಪ್ಪ. ಆಮೇಲೆ, “ಉಸಿರಿತ್ತಾ?”

“ನಿಮ್ಮನ್ನ ಬೈಯೋವಷ್ಟು ಇತ್ತು.”

ಸಂಜೆಗೆ ಸರ್ಜನ್ ಹೊರಗೆ ಬಂದು ಮುಖದ ಮುಸುಕು ಇಳಿಸಿದರು. “ಉಳ್ಕೊಂಡ್ರು. ಕರುಳಲ್ಲಿ ಒಂದಷ್ಟು ಕಪ್ಪಾಗಿಬಿಟ್ಟಿತ್ತು, ಕತ್ತರಿಸಬೇಕಾಯ್ತು. ಇನ್ನೇನಾದ್ರೂ ಕೇಳೋದಿದೆಯಾ?”

ಒಂದಿತ್ತು. ಕರುಳು ಕಪ್ಪಾದದ್ದು ಲಿಫ್ಟು ಹತ್ತುವುದಕ್ಕೆ ಮೊದಲೋ, ಆಮೇಲೋ. ಎತ್ತಪ್ಪ ಬಾಯಿ ತೆರೆದ. ಡಾಕ್ಟರು ಕಾದರು, ಮೀನಾಕ್ಷಿಯೂ ಅವನ ಮುಖ ನೋಡಿದಳು.

“ಏನೂ ಇಲ್ಲ ಸ್ವಾಮಿ,” ಎಂದ.