ಲಗಾಮಿಗೆ ಕಟ್ಟಿದ ನೂಲು

ಮೊನ್ನೆ ಸೊಸೆ ಒಲೆಯ ಮೇಲೆ ಹುರುಳಿ ಇಟ್ಟು ಹಿತ್ತಲಿಗೆ ಹೋಗಿದ್ದಳು. ನೀರು ಇಂಗಿ ಕಾಳು ತಳ ಹಿಡಿಯುವ ಹೊತ್ತಿಗೆ ಅದರ ವಾಸನೆ ನಾನು ಕೂತಿದ್ದ ಜಗಲಿಯವರೆಗೂ ಬಂತು. ಮಣ್ಣಿನ ಹಾಗೆ, ಬೆವರಿನ ಹಾಗೆ, ತುಸು ಸಿಹಿಯಾಗಿ... ಎದ್ದು ಒಲೆ ಆರಿಸಬೇಕಾದವನು ಹಾಗೇ ಕೂತುಬಿಟ್ಟೆ. ಸೇಲಂನಲ್ಲಿ ಕನ್ನಡದ ನೇಕಾರರಿದ್ದ ನಮ್ಮ ಬೀದಿಯ ಕೊನೆಯ ಲಾಯ ಕಣ್ಣಿಗೆ ಬಂತು. ಬೇಯಿಸಿದ ಹುರುಳಿಯನ್ನು ಅಂಗೈಯಲ್ಲಿ ಆರಿಸಿ ಆರಿಸಿ ಕುದುರೆಗೆ ತಿನ್ನಿಸುತ್ತಿದ್ದ ತಾತ ಬಂದ.

ಆತ ನನ್ನ ಸ್ವಂತ ತಾತನಲ್ಲ. ಜಟಕಾ ಓಡಿಸುತ್ತಿದ್ದ ನೆರೆಯವನು. ಬೀದಿಯವರಿಗೆಲ್ಲ ಕುದುರೆ ತಾತ. ಐವತ್ತರ ದಶಕದಲ್ಲಿ ನಮ್ಮ ಮಗ್ಗದ ಮನೆಗಳ ಮದುಮಕ್ಕಳೆಲ್ಲ ಅವನ ಬಿಳಿ ಹೆಣ್ಣು ಕುದುರೆಯ ಮೇಲೆಯೇ ಮೆರವಣಿಗೆ ಹೋಗುತ್ತಿದ್ದರು. ಜಟಕಾದಲ್ಲಿ ಒಂದು ಚಾವಟಿಯೂ ಇತ್ತು. ಅವನು ಅದಕ್ಕೆ ತನ್ನ ಎಲೆಅಡಿಕೆ ಚೀಲ ನೇತುಹಾಕುತ್ತಿದ್ದ. ಕುದುರೆ ನಿಲ್ಲಬೇಕಾದರೆ ಲಗಾಮಿನ ಮೇಲೆ ಬೆರಳು ಬಿಗಿಮಾಡುತ್ತಿದ್ದ, ಹೊರಡಬೇಕಾದರೆ ಸಡಿಲಿಸುತ್ತಿದ್ದ. ನೋಡುವವರಿಗೆ ಅವನ ಕೈ ಅಲ್ಲಾಡಿದ್ದೇ ಕಾಣುತ್ತಿರಲಿಲ್ಲ.

ನನ್ನ ಮದುವೆ ಗೊತ್ತಾಯಿತು. ಹೆಣ್ಣು ಕಡಯಂಪಟ್ಟಿಯವಳು. ಮೆರವಣಿಗೆಯಲ್ಲಿ ತಾತ ಕುದುರೆಯ ಬಾಯಿ ಪಕ್ಕ ಹಿಡಿದು ನಡೆಯುವುದು, ಮದುಮಗ ಮೂಟೆಯ ಹಾಗೆ ಮೇಲೆ ಕೂರುವುದು ವಾಡಿಕೆ. ನನಗದು ಬೇಡವಾಗಿತ್ತು. ನಮ್ಮ ಬೀದಿಯಲ್ಲಿ ಹೈಸ್ಕೂಲು ಮುಗಿಸಿದವನು ನಾನು, ನೂಲಿನ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಲಗಾಮು ನನ್ನ ಕೈಯಲ್ಲೇ ಇರಬೇಕು ಎಂದೆ. ತಾತ ನನ್ನ ಕೈ ಹಿಡಿದು ಮಗುಚಿ ನೋಡಿದ.

"ಮಗ್ಗದ್ ಕೈ. ಕಲ್ತ್ಕಂತೀಯ, ಬಾ ಲಾ" ಎಂದ.

ಬೆಳಗಿನ ಹೊತ್ತು, ನೀರು ಬತ್ತಿದ ಕೆರೆಯಂಗಳದಲ್ಲಿ ಕಲಿಸಿದ. ಲಗಾಮಿನ ತೊಗಲನ್ನು ಅವನು ಕಡಿವಾಣದ ಬಳೆಗೆ ನೇರವಾಗಿ ಕಟ್ಟಲಿಲ್ಲ. ಎರಡೂ ಕಡೆ, ತೊಗಲಿಗೂ ಬಳೆಗೂ ನಡುವೆ, ಗೇಣುದ್ದದ ಹತ್ತಿ ನೂಲು ಕಟ್ಟಿದ. ನಮ್ಮ ಮಗ್ಗದ್ದೇ ನೂಲು. ನಾನು ಜೋರಾಗಿ ಎಳೆದರೆ ನೂಲು ಹರಿಯಬೇಕು, ಕುದುರೆಯ ಬಾಯಿಗೆ ನೋವಾಗಬಾರದು.

"ಎಳೀಬ್ಯಾಡ. ಅವ್ಳ ಬಾಯಿ ನಿನ್ ಬೆರಳ್ಗೆ ಏನೋ ಅಂತೈತೆ, ಕೇಳುಸ್ಕೋ."

ಮೊದಮೊದಲು ಹರಿಯುತ್ತಲೇ ಇತ್ತು. "ಇಂಗೇ ಕಿತ್ತಾಕ್ತಾ ಇದ್ರೆ ನಿಮ್ಮಪ್ಪನ ಮಗ್ಗಕ್ಕೆ ನೂಲೇ ಮಿಗಲ್ಲ ಲಾ" ಎಂದು ನಗುತ್ತ ಮತ್ತೆ ಕಟ್ಟುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ, ಹೇಗೋ ಏನೋ... ಮಗ್ಗದ ಹಾಸುನೂಲಿನ ಮೇಲೆ ಅಂಗೈ ಆಡಿಸಿದಾಗ ಸಡಿಲವಾದ ಎಳೆ ನೋಡದೆಯೇ ಗೊತ್ತಾಗುತ್ತದಲ್ಲ, ಹಾಗೆ ಆ ಕುದುರೆಯ ನಾಲಿಗೆಯ ಮಿಸುಕಾಟ ನನ್ನ ಬೆರಳಿಗೆ ಗೊತ್ತಾಯಿತು. ಉಂಗುರದ ಬೆರಳು ಮಡಿಸಿದೆ. ನಿಂತಿತು. ಬಿಚ್ಚಿದೆ. ನಡೆಯಿತು. ನೂಲು ಹಾಗೇ ಇತ್ತು. ಅಂಥ ಸಂತೋಷ ನನ್ನ ಕೈಗೆ ಮತ್ತೆಂದೂ ಸಿಗಲಿಲ್ಲ.

ಮೆರವಣಿಗೆಯ ಸಂಜೆ ತಾತ ಹೊಸ ನೂಲಿಗೆ ಅರಿಸಿನ ಹಚ್ಚಿ ಲಗಾಮಿಗೆ ಕಟ್ಟಿ ತಂದಿದ್ದ. "ಇವತ್ತೂ ಇರ್ಲಿ. ಪಟಾಕಿ ಸದ್ದಿಗೆ ನಿನ್ ಕೈ ಬೆದರಿದ್ರೂ ಅವ್ಳ ಬಾಯಿ ಉಳೀತೈತೆ" ಎಂದು ನಾನು ಕೇಳಿಕೊಂಡ ಹಾಗೆ ಹಿಂದೆ ನಡೆದ.

ನನ್ನ ಗೆಳೆಯರಿಗೆ ಆ ನೂಲು ಕಂಡಿತು. ನಮ್ಮ ಕಡೆ ಮದುಮಗನಿಗೂ ಅಳಿಯನಿಗೂ ಮಾಪ್ಳೆ ಎನ್ನುವುದು.

"ಏನ್ ಮಾಪ್ಳೆ, ನೂಲಲ್ಲಿ ಕಟ್ಟವ್ರೆ! ಇದು ಕುದ್ರೆನಾ, ಗಾಳೀಪಟನಾ?"

"ಸುಮ್ನಿರ್ಲಾ, ಜೋರಾಗ್ ನಗ್ಬೇಡ, ಆರೋಗ್ಬುಡ್ತೈತೆ!"

ಮೆರವಣಿಗೆ ಗುಡಿಯ ಮುಂದೆ ನಿಂತಾಗ ತಾತ ಪಟಾಕಿಯ ಹುಡುಗರನ್ನು ದೂರ ಕಳಿಸಲು ಹೋಗಿದ್ದ. ಆಗ ಗೆಳೆಯನೊಬ್ಬನಿಂದ ನೂಲು ಬಿಚ್ಚಿಸಿ ತೊಗಲನ್ನು ನೇರ ಬಳೆಗೆ ಕಟ್ಟಿಸಿದೆ. ನೂಲನ್ನು ಕೋಟಿನ ಜೇಬಿಗೆ ತುರುಕಿಕೊಂಡೆ.

ಮದುವೆಮನೆಯ ಮುಂದೆ ಹೆಣ್ಣಿನ ಕಡೆಯವರು ಆರತಿ ಹಿಡಿದು ನಿಂತಿದ್ದರು. ಕುದುರೆ ಮುಂಗಾಲೆತ್ತಿ ನಿಲ್ಲಬೇಕು, ಎಲ್ಲರೂ ನೋಡಬೇಕು ಎನಿಸಿತು. ಎರಡು ಕೈಯಲ್ಲೂ ಜಗ್ಗಿದೆ. ಅಂಥದ್ದನ್ನು ಎಂದೂ ಕಾಣದ ಆ ಪ್ರಾಣಿ ತಲೆ ಕೊಡವಿತು, ನಾನು ಇನ್ನೂ ಬಲವಾಗಿ ಜಗ್ಗಿದೆ. ಬಿಳಿ ನೊರೆಯ ಜೊತೆ ರಕ್ತ ಬಂತು. ಕುದುರೆ ಹಿಂದಕ್ಕೆ ಸರಿದ ರಭಸಕ್ಕೆ ಪೆಟ್ರೋಮ್ಯಾಕ್ಸ್ ಉರುಳಿತು, ಆರತಿ ತಟ್ಟೆ ಬಿತ್ತು, ಹೆಂಗಸರು ಕಿರುಚಿದರು. ನಾನು ಹೇಗೋ ಕೆಳಗಿಳಿದೆ. ಹಿರಿಯರು ತಾತನನ್ನು ಸುತ್ತುವರಿದರು.

"ಕಲ್ಯಾಣಕ್ಕೆ ಪೈತ್ಯ ಕುದ್ರೆ, ಹುಚ್ಚು ಕುದ್ರೆ ತಂದಿದ್ದೀಯೇನಯ್ಯಾ?"

ಮಾವನವರು ನನ್ನ ಕಡೆ ತಿರುಗಿದರು. "ಏನಾಯ್ತು ಮಾಪ್ಳೆ?"

"ಕುದ್ರೇನೇ ಸರಿ ಇಲ್ಲ ಮಾವ" ಎಂದೆ.

ತಾತ ಕಡಿವಾಣ ಹಿಡಿಯಲು ಬಂದ. ನೂಲು ಇರಬೇಕಾದ ಜಾಗದಲ್ಲಿ ಅವನ ಬೆರಳು ನಿಂತಿತು. ಇನ್ನೊಂದು ಕಡೆಯೂ ಮುಟ್ಟಿ ನೋಡಿದ. ನನ್ನ ಮುಖ ನೋಡಿದ. ಅವನು ಒಂದು ಮಾತು ಆಡಿದ್ದರೆ ಅಷ್ಟು ಜನರ ಮುಂದೆ ನನ್ನ ಮಾನ ಹೋಗುತ್ತಿತ್ತು. ಆದರೆ "ತಪ್ಪಾಯ್ತು ಸಾಮಿ" ಎಂದು ಹಿರಿಯರಿಗೆ ಕೈಮುಗಿದ. ಕುದುರೆಗೆ ತಮಿಳಿನಲ್ಲಿ "ವಾ ತಾಯೀ, ಪೋಲಾಂ", ಬಾ ತಾಯಿ ಹೋಗೋಣ, ಎಂದ. ಲಗಾಮು ಮುಟ್ಟದೆ, ಕುತ್ತಿಗೆಯ ಮೇಲೆ ಕೈಯಿಟ್ಟು ಕರೆದುಕೊಂಡು ಹೋದ.

ಆಮೇಲೆ ಯಾರೂ ಅವನನ್ನು ಮದುವೆಗೆ ಕರೆಯಲಿಲ್ಲ. ಕಡಿವಾಣದ ಕಬ್ಬಿಣ ಹತ್ತಿರ ತಂದರೆ ಕುದುರೆ ನಡುಗುತ್ತಿತ್ತಂತೆ. ಜಟಕಾವೂ ನಿಂತಿತು. ನಾನು ಬೀದಿಯ ಆ ತುದಿಗೆ ಹೋಗುವುದನ್ನೇ ಬಿಟ್ಟೆ. ಒಂದು ದಿನ ಲಾಯ ಖಾಲಿಯಾಗಿತ್ತು... ಕಾರಿಮಂಗಲಂ ಕಡೆ ಮಗಳ ಮನೆಗೆ ಹೋದನೆಂದರು.

ಕೆಲವು ವರ್ಷಗಳ ನಂತರ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿಮಾಡಿಕೊಂಡು ಬಸ್ಸು ಹತ್ತಿದೆ. ತಾತ ಮಗಳ ಮನೆಯ ಬಾಗಿಲಲ್ಲಿ ಕೂತಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಕೈ ಹಿಡಿದೆ. ನನ್ನ ಬೆರಳು ಸವರಿದ.

"ಮಗ್ಗದ್ ಕೈ... ನಮ್ ಬೀದಿ ಮಾಪ್ಳೆ ಅಲ್ವಾ?" ಎಂದು ಮುಖವರಳಿಸಿದ.

ಕುದುರೆಯ ಸುದ್ದಿ ಕೇಳಿದೆ. "ತೀರ್ಕಂಡ್ಲು. ಕಡೆಗಂಟ ಬಾಯ್ಗೆ ಕಬ್ಬಿಣ ಇಕ್ಕಲಿಲ್ಲ. ಕತ್ತಿಗೆ ಒಂದ್ ಅಗ್ಗ, ಅಷ್ಟೇ" ಎಂದ.

ನೂಲು ಬಿಚ್ಚಿಸಿದ್ದು ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಮಾತಾಡಿದ.

"ಆವತ್ತು ಲಗಾಮು ನಾನೇ ಇಡ್ಕಂಡ್ ನಡೀಬೇಕಿತ್ತು. ಮದ್ವೆ ಉಡುಗನ್ ಕೈಗ್ ಕೊಟ್ಟಿದ್ದು ನಂದೇ ತಪ್ಪು. ಮನ್ಸಲ್ಲಿ ಇಟ್ಕಬ್ಯಾಡಪ್ಪಾ."

ನಾನು ಏನೆಂದೆ? "ಓಗ್ಲಿ ಬುಡು ತಾತ, ಅಳೇ ಕತೆ" ಎಂದೆ. ಅವನನ್ನು ಕ್ಷಮಿಸಿ ಬಂದೆ, ನಾನು.

ಇನ್ನೊಂದು ಬಾಕಿಯಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೋಟು ಒಗೆಯಲು ತೆಗೆದಾಗ ಜೇಬಿನಲ್ಲಿ ಆ ಅರಿಸಿನದ ನೂಲು ಸಿಕ್ಕಿತು. ಮದುವೆಯ ಯಾವುದೋ ಶಾಸ್ತ್ರದ್ದೆಂದು ಕಣ್ಣಿಗೊತ್ತಿಕೊಂಡು ಕುಂಕುಮದ ಭರಣಿಯಲ್ಲಿ ಇಟ್ಟಳು. ನಾನು ಅಲ್ಲವೆನ್ನಲಿಲ್ಲ. ಸಾಯುವವರೆಗೂ ಹಬ್ಬಹಬ್ಬಕ್ಕೆ ಅದನ್ನು ತೆಗೆದು ನಮಸ್ಕಾರ ಮಾಡುತ್ತಿದ್ದಳು.

ಮೊನ್ನೆ ಸೊಸೆ ಓಡಿಬಂದು "ಇಲ್ಲೇ ಕುಂತು ಸೀದ ವಾಸ್ನೆ ಬರ್ಲಿಲ್ವಾ ಮಾವ?" ಎಂದು ಪಾತ್ರೆ ಇಳಿಸಿದಳು. ನಾನು ಒಳಗೆ ಹೋಗಿ ಭರಣಿ ತೆರೆದೆ. ನೂಲಿನ ಅರಿಸಿನ ಬಣ್ಣ ಹೋಗಿದೆ, ಕುಂಕುಮ ಅಂಟಿದೆ. ಬೆರಳಿಗೆ ಸುತ್ತಿ, ತಾತ ಕಲಿಸಿದ ಹಾಗೆ ಮೆತ್ತಗೆ ಹಿಡಿದೆ. ಬಹಳ ಹೊತ್ತು ಹಿಡಿದುಕೊಂಡೇ ಇದ್ದೆ. ಆ ತುದಿಯಲ್ಲಿ ಏನೂ ಮಿಸುಕಲಿಲ್ಲ.